ಮಳೆ ಅಷ್ಟೇ ಇದೆ, ನೀರೇಕೆ ಕಮ್ಮಿ? ಬಾರ್ಸಿಲೋನಾದ ಬರದ ಲೆಕ್ಕ

ಪ್ರಶ್ನೆ: ನಮ್ಮೂರು ಹಿರಿಯೂರು. ನಾಲ್ಕು ವರ್ಷದಿಂದ ಬಾರ್ಸಿಲೋನಾದಲ್ಲಿದ್ದೇನೆ. 2024ರ ಫೆಬ್ರವರಿಯಲ್ಲಿ ಇಲ್ಲಿ ಬರದ ತುರ್ತುಸ್ಥಿತಿ ಘೋಷಿಸಿದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಮೊದಲಿನ ಹಾಗೆ ಮಳೆಯೇ ಇಲ್ಲ." ಕುತೂಹಲಕ್ಕೆ ಇಲ್ಲಿನ ಫಾಬ್ರಾ ವೀಕ್ಷಣಾಲಯದ ನೂರು ವರ್ಷಗಳ ಮಳೆಯನ್ನು ಎಕ್ಸೆಲ್‌ಗೆ ಹಾಕಿ ಟ್ರೆಂಡ್ ಗೆರೆ ಎಳೆದೆ. ಹೆಚ್ಚುಕಮ್ಮಿ ಮಟ್ಟಸವಾಗಿಯೇ ಬಂತು. 1960ರಿಂದ ಎಳೆದರೆ ಮಾತ್ರ ಇಳಿಯುತ್ತದೆ. ಯಾವುದನ್ನು ನಂಬಲಿ? 2025ರ ವಸಂತದಲ್ಲಿ ಅಣೆಕಟ್ಟೆಗಳು ಮತ್ತೆ ತುಂಬಿದವು. ಬರ ಮುಗಿದಂತೆಯೇ? ಇದೇ ಲೆಕ್ಕವನ್ನು ನಮ್ಮೂರಿಗೂ ಹಾಕಬಹುದೇ?

ಉತ್ತರ: ನಿಮ್ಮ ಎರಡು ಗೆರೆಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ನೀವು ಕೇಳುತ್ತಿರುವುದು ಬರದ ವಿಷಯ, ಗೆರೆ ಹೇಳುತ್ತಿರುವುದು ಮಳೆಯ ವಿಷಯ. ಇವೆರಡರ ನಡುವೆ ಬಿಸಿಲು, ಮಣ್ಣು, ಕಾಡು, ನಲ್ಲಿ ಎಲ್ಲವೂ ಇವೆ.

ಮೊದಲು ಮಳೆಯನ್ನೇ ನೋಡೋಣ. ಮೆಡಿಟರೇನಿಯನ್ ಸುತ್ತಲಿನ 27 ದೇಶಗಳ 23,000ಕ್ಕೂ ಹೆಚ್ಚು ಮಳೆಮಾಪನ ಕೇಂದ್ರಗಳ ದಾಖಲೆಯನ್ನು 1871ರಿಂದ 2020ರವರೆಗೆ ಜೋಡಿಸಿದ ದೊಡ್ಡ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಅದರ ತೀರ್ಮಾನ ನಿಮ್ಮ ಎಕ್ಸೆಲ್ ಹೇಳಿದ್ದಕ್ಕೆ ಹತ್ತಿರವೇ ಇದೆ: ಇಡೀ ಪ್ರದೇಶವನ್ನು ಒಟ್ಟಾಗಿ ನೋಡಿದರೆ ಒಂದೂವರೆ ಶತಮಾನದಲ್ಲಿ ಮಳೆ ಒಂದೇ ದಿಕ್ಕಿಗೆ ಇಳಿದಿಲ್ಲ, ಕಾಣುವುದೆಲ್ಲ ದಶಕಗಳ ಏರಿಳಿತ. ಅದೇ ಪ್ರದೇಶದ ತಾಪಮಾನ ಮಾತ್ರ ಕೈಗಾರಿಕಾ ಯುಗಕ್ಕೆ ಮುಂಚೆ ಇದ್ದದ್ದಕ್ಕಿಂತ ಸುಮಾರು 1.5 ಡಿಗ್ರಿ ಏರಿದೆ. ಭೂಮಿಯ ಸರಾಸರಿಗಿಂತ ಇದು ಶೇ. 20ರಷ್ಟು ವೇಗದ ಏರಿಕೆ. ಮೋಡ ಕೊಡುವುದು ಅಷ್ಟೇ ಇದ್ದು ಬಿಸಿಲು ವಾಪಸು ಹೀರುವುದು ಹೆಚ್ಚಿದರೆ ಉಳಿಯುವ ನೀರು ಕಮ್ಮಿಯಾಗುತ್ತದೆ. ಬಾರ್ಸಿಲೋನಾದ ಬರವನ್ನು ಈ ಕೋನದಿಂದ ಲೆಕ್ಕ ಹಾಕಬೇಕು.

ಹಾಗೆಂದು 2021ರಿಂದ 2024ರವರೆಗೆ ಮಳೆ ಚೆನ್ನಾಗಿಯೇ ಬಿತ್ತು ಎಂದು ಅರ್ಥ ಮಾಡಿಕೊಳ್ಳಬೇಡಿ. ಬಾರ್ಸಿಲೋನಾ ಇರುವ ಕೆಟಲೋನಿಯಾ ಪ್ರಾಂತದಲ್ಲಿ ಆಗ ಮಳೆ ನಿಜಕ್ಕೂ ಕೈಕೊಟ್ಟಿತ್ತು, ಅದೂ ಸಾಲಾಗಿ ಮೂರು ವರ್ಷ. ಅದರ ಮೇಲೆ 2022 ಸ್ಪೇನಿನ ದಾಖಲೆಯಲ್ಲೇ ಅತಿ ಬಿಸಿಯ ವರ್ಷವಾಯಿತು, ಮರುವರ್ಷವೂ ಹೆಚ್ಚು ಹಿಂದೆ ಬೀಳಲಿಲ್ಲ. ಮಳೆಯ ದೀರ್ಘಕಾಲದ ಸರಾಸರಿ ಬದಲಾಗದಿದ್ದರೂ ಮೂರು ವರ್ಷದ ಘೋರ ಬರ ಬರಬಹುದು. ಹಿಂದೆಯೂ ಬಂದಿದೆ.

ಎಷ್ಟು ಹಿಂದೆ ಎಂದರೆ, ಬಾರ್ಸಿಲೋನಾದ ಮಳೆಯ ಸರಣಿಯನ್ನು 1786ರವರೆಗೂ ಜೋಡಿಸಿದ್ದಾರೆ. ಇಬೀರಿಯನ್ ಪರ್ಯಾಯದ್ವೀಪದಲ್ಲಿ ಅಷ್ಟು ಉದ್ದದ ಅಳತೆ ಬೇರೆಲ್ಲೂ ಇಲ್ಲ. ಅದರಲ್ಲಿ 1812ರಿಂದ 1824ರವರೆಗಿನ ಉದ್ದನೆಯ ಒಣಗಾಲ ಎದ್ದು ಕಾಣುತ್ತದೆ. ಆಗ ಇಂಗಾಲದ ಹೊಗೆಯ ಮಾತೇ ಇರಲಿಲ್ಲ. ಮಳೆಮಾಪಕ ಬರುವುದಕ್ಕೂ ಮುಂಚಿನದಕ್ಕೆ ಚರ್ಚಿನ ಕಡತಗಳಿವೆ. ಮಳೆಗಾಗಿ ನಡೆಸಿದ ಪ್ರಾರ್ಥನೆಗಳು ಬರದ ತೀವ್ರತೆಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದವು: ಮೊದಲು ಪೂಜೆಯಲ್ಲೇ ಒಂದು ಪ್ರಾರ್ಥನೆ, ಆಮೇಲೆ ಸಂತರ ಅವಶೇಷಗಳನ್ನು ಗುಡಿಯೊಳಗೆ ಹೊರತೆಗೆದಿಡುವುದು, ಆಮೇಲೆ ಬೀದಿ ಮೆರವಣಿಗೆ, ಅದಕ್ಕೂ ಬಗ್ಗದಿದ್ದರೆ ಅವಶೇಷಗಳನ್ನು ನೀರಿಗಿಳಿಸುವುದು, ಕೊನೆಗೆ ದೂರದ ಕ್ಷೇತ್ರಕ್ಕೆ ಯಾತ್ರೆ. ಖರ್ಚಿನ ಸಮೇತ ತಾರೀಖು ಬರೆದಿಟ್ಟಿದ್ದರಿಂದ ಇವತ್ತು ಅದು ಬರದ ಅಳತೆಗೋಲಾಗಿದೆ. ನಮ್ಮ ಗುರ್ಜಿ, ಮಳೆರಾಯನ ಪೂಜೆ, ಕಪ್ಪೆ ಮದುವೆಗಳನ್ನೂ ಯಾರಾದರೂ ಶಾನುಭೋಗರು ಹೀಗೆ ತಾರೀಖು ಹಾಕಿ ಬರೆದಿಡುತ್ತಿದ್ದರೆ ಚಿತ್ರದುರ್ಗ ಸೀಮೆಯ ಬರದ ಇತಿಹಾಸ ಎಷ್ಟು ಸಲೀಸಾಗುತ್ತಿತ್ತು!

ಇನ್ನು 1960ರ ಗೆರೆ. ಅದು ಇಳಿಯುವುದಕ್ಕೆ ಕಾರಣ ನೀವು ಆರಿಸಿಕೊಂಡ ಆರಂಭದ ವರ್ಷ. ಅಟ್ಲಾಂಟಿಕ್ ಮೇಲೆ ಐಸ್‌ಲ್ಯಾಂಡ್ ಬಳಿ ಕಡಿಮೆ ಒತ್ತಡ, ಅಜೋರ್ಸ್ ದ್ವೀಪಗಳ ಬಳಿ ಹೆಚ್ಚಿನ ಒತ್ತಡ ಇರುತ್ತದೆ. ಇವೆರಡರ ಅಂತರದ ಸೂಚ್ಯಂಕಕ್ಕೆ ಉತ್ತರ ಅಟ್ಲಾಂಟಿಕ್ ಆಂದೋಲನ, ಚಿಕ್ಕದಾಗಿ ಎನ್‌ಎಒ ಎನ್ನುತ್ತಾರೆ. ಅಂತರ ಹೆಚ್ಚಿದ್ದಾಗ ಚಳಿಗಾಲದ ಮಳೆಗಾಳಿಗಳು ಬ್ರಿಟನ್, ನಾರ್ವೆ ಕಡೆ ಹೋಗುತ್ತವೆ, ಸ್ಪೇನ್ ಒಣಗುತ್ತದೆ. ಅಂತರ ಕಮ್ಮಿಯಾದರೆ ದಾರಿ ದಕ್ಷಿಣಕ್ಕೆ ಸರಿದು ಸ್ಪೇನಿಗೆ ಮಳೆ. 1960ರ ದಶಕದಲ್ಲಿ ಈ ಸೂಚ್ಯಂಕ ಬಹುತೇಕ ಋಣ, ಅಂದರೆ ಮಳೆಗಾಲ ಸಮೃದ್ಧ. 1980ರ ದಶಕದ ಕೊನೆ ಮತ್ತು 1990ರ ಮೊದಲ ವರ್ಷಗಳಲ್ಲಿ ಗಟ್ಟಿಯಾಗಿ ಧನ. 1991ರಿಂದ 1995ರವರೆಗೆ ಸ್ಪೇನಿನ ಬಹುಭಾಗ ಬರದಲ್ಲಿ ಬೆಂದಿತು. ತೇವದ ದಶಕದಿಂದ ಗೆರೆ ಶುರುಮಾಡಿದರೆ ಅದು ಇಳಿಯದೆ ಬೇರೆ ದಾರಿಯಿಲ್ಲ. ಹೊಳೆ ತುಂಬಿ ಹರಿಯುವಾಗ ಮೊದಲ ಗುರುತು ಹಾಕಿ, ಆಮೇಲೆ ನೀರು ಇಳಿಯಿತು ಅಂದ ಹಾಗೆ.

ಇಲ್ಲೊಂದು ತಿದ್ದುಪಡಿ ಬೇಕು. ಎನ್‌ಎಒ ಪ್ರಭಾವ ಬಲವಾಗಿರುವುದು ಸ್ಪೇನಿನ ಪಶ್ಚಿಮ, ನೈಋತ್ಯದಲ್ಲಿ. ಬಾರ್ಸಿಲೋನಾ ಇರುವುದು ಪೂರ್ವ ಕರಾವಳಿಯಲ್ಲಿ, ಅಟ್ಲಾಂಟಿಕ್ ಮಳೆಗೆ ಮಧ್ಯದ ಬೆಟ್ಟಗಳು ಅಡ್ಡ. ಅಲ್ಲಿಗೆ ದೊಡ್ಡ ಮಳೆ ತರುವುದು ಸಮುದ್ರದ ಮೇಲಿಂದ ಬೀಸುವ ಮೂಡಣ ಗಾಳಿ. ಸ್ಥಳೀಯರು 'ಯೆವಾಂತ್' ಎನ್ನುತ್ತಾರೆ. ಇದಕ್ಕಾಗಿಯೇ 2006ರಲ್ಲಿ ಬಾರ್ಸಿಲೋನಾದ ಹವಾಮಾನ ತಜ್ಞರು ಪಶ್ಚಿಮ ಮೆಡಿಟರೇನಿಯನ್ ಆಂದೋಲನ ಎಂಬ ಬೇರೆಯದೇ ಸೂಚ್ಯಂಕ ಕಟ್ಟಿದರು. ಸ್ಪೇನಿನ ಸಾನ್ ಫೆರ್ನಾಂದೋ ಮತ್ತು ಇಟಲಿಯ ಪಾದುವಾದ ವಾಯುಒತ್ತಡಗಳ ವ್ಯತ್ಯಾಸ ಅದು. ಋಣವಾದಾಗ ಮೂಡಣ ಗಾಳಿ, ಕೆಟಲೋನಿಯಾ ಕರಾವಳಿಗೆ ಮಳೆ. ಪಠ್ಯಪುಸ್ತಕದಲ್ಲಿ "ಮೆಡಿಟರೇನಿಯನ್ ಹವಾಗುಣ ಎಂದರೆ ಚಳಿಗಾಲದ ಮಳೆ" ಎಂದು ಓದಿ ಬಂದವರು ಇಲ್ಲಿ ಎಡವುತ್ತಾರೆ. ಬಾರ್ಸಿಲೋನಾದಲ್ಲಿ ಹೆಚ್ಚು ಮಳೆ ಶರತ್ಕಾಲದಲ್ಲಿ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ. ಎರಡನೇ ಪಾಳಿ ವಸಂತದಲ್ಲಿ. ಜುಲೈ ಅತಿ ಒಣ ತಿಂಗಳು. ತಮಾಷೆಯೆಂದರೆ ಹಿರಿಯೂರಿಗೂ ಸೆಪ್ಟೆಂಬರ್-ಅಕ್ಟೋಬರ್ ಮಳೆಯೇ ಆಸರೆ, ಎರಡು ಊರಿನ ವಾರ್ಷಿಕ ಮಳೆಯೂ ಸುಮಾರಾಗಿ 600 ಮಿ.ಮೀ. ಆಸುಪಾಸಿನದೇ. ಕಾರಣಗಳು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ.

ಈಗ ಲೆಕ್ಕಕ್ಕೆ ಇಳಿಯೋಣ. ಎಕ್ಸೆಲ್‌ನಲ್ಲಿ ಗೆರೆ ಎಳೆಯುವ ಮೊದಲು ಮಾಡಬೇಕಾದ ಕೆಲಸವೇ ಮುಕ್ಕಾಲು.

ಜನವರಿಯಿಂದ ಡಿಸೆಂಬರ್‌ವರೆಗೆ ಕೂಡಿಸಿದ್ದರೆ ಅದನ್ನು ಬಿಡಿ. ಸ್ಪೇನಿನಲ್ಲಿ ಜಲವರ್ಷ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30. ಕ್ಯಾಲೆಂಡರ್ ವರ್ಷ ಹಿಡಿದರೆ ಒಂದೇ ಮಳೆಗಾಲದ ಶರತ್ಕಾಲ ಒಂದು ವರ್ಷಕ್ಕೆ, ಚಳಿಗಾಲ-ವಸಂತ ಇನ್ನೊಂದು ವರ್ಷಕ್ಕೆ ಹಂಚಿಹೋಗಿ, ಬರದ ಅಂಚು ಮಸುಕಾಗುತ್ತದೆ.

ಸ್ಪೇನ್ ಹವಾಮಾನ ಸಂಸ್ಥೆಯ ದಿನವಹಿ ಕಡತ ಇಳಿಸಿಕೊಂಡಿದ್ದರೆ ಮಳೆಯ ಕಾಲಂನಲ್ಲಿ ಕೆಲವೆಡೆ ಅಂಕಿಯ ಬದಲು 'ಐಪಿ' ಎಂದಿರುತ್ತದೆ. 0.1 ಮಿ.ಮೀ.ಗಿಂತ ಕಮ್ಮಿ, ಅಳೆಯಲಾಗದಷ್ಟು ಹನಿ ಎಂದರ್ಥ. ಅದನ್ನು ಸೊನ್ನೆ ಮಾಡಿ. 'ಅಕುಮ್' ಎಂದಿದ್ದರೆ ಅದು ಸೊನ್ನೆಯಲ್ಲ, ಆ ದಿನದ ಮಳೆ ಮುಂದಿನ ದಿನಗಳ ಅಳತೆಯಲ್ಲಿ ಸೇರಿದೆ ಎಂದು. ತಿಂಗಳ ಮೊತ್ತಕ್ಕೆ ತೊಂದರೆಯಿಲ್ಲ, 'ಒಂದು ದಿನದ ಗರಿಷ್ಠ ಮಳೆ' ಹುಡುಕುವಾಗ ಮೋಸವಾಗುತ್ತದೆ. ದಶಮಾಂಶಕ್ಕೆ ಅವರು ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. ಎಕ್ಸೆಲ್ ಭಾಷೆ ಇಂಗ್ಲಿಷ್ ಆಗಿದ್ದರೆ 12,4 ಎಂಬುದು 124 ಆಗಿಯೋ ಬರೀ ಅಕ್ಷರವಾಗಿಯೋ ಕೂರುತ್ತದೆ. ಮೊತ್ತ ತೆಗೆಯುವ ಸೂತ್ರ ಅಕ್ಷರವಿರುವ ಕೋಶವನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಇನ್ನು ಖಾಲಿ ಕೋಶ ಎಂದರೆ ಅಳತೆ ಇಲ್ಲ ಎಂದೇ ಹೊರತು ಮಳೆ ಇಲ್ಲ ಎಂದಲ್ಲ. ತಿಂಗಳಲ್ಲಿ ಮೂರಕ್ಕಿಂತ ಹೆಚ್ಚು ದಿನ ಖಾಲಿಯಿದ್ದರೆ ಆ ತಿಂಗಳನ್ನೇ ಖಾಲಿ ಎಂದು ಗುರುತಿಸುವುದು ಒಳ್ಳೆಯದು. ಅಂತರ್ಯುದ್ಧ ನಡೆದ 1936-39ರ ಸುತ್ತ ಸ್ಪೇನಿನ ಎಷ್ಟೋ ಕೇಂದ್ರಗಳ ಪುಸ್ತಕಗಳಲ್ಲಿ ಖಾಲಿ ಪುಟಗಳಿವೆ. ಅವನ್ನು ಸೊನ್ನೆ ಎಂದು ಓದಿದರೆ ಇತಿಹಾಸದಲ್ಲೇ ಇಲ್ಲದ ಮಹಾಬರ ಸೃಷ್ಟಿಯಾಗುತ್ತದೆ.

ಮಳೆಮಾಪಕವನ್ನೂ ಹತ್ತಿರದಿಂದ ನೋಡಬೇಕು. ಸ್ಪೇನಿನಲ್ಲಿ ಬಹುಕಾಲ ಬಳಕೆಯಲ್ಲಿರುವುದು ಹೆಲ್ಮನ್ ಮಾದರಿ. ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಒಂದು ಮಿ.ಮೀ. ಮಳೆ ಎಂದರೆ ಅದರೊಳಗೆ 20 ಮಿಲಿಲೀಟರ್ ನೀರು, ನಾಲ್ಕು ಟೀ ಚಮಚದಷ್ಟು. (ಅಲ್ಲಿ ಟಿವಿಯಲ್ಲಿ "ಚದರ ಮೀಟರಿಗೆ ಇಷ್ಟು ಲೀಟರ್" ಎಂದು ಹೇಳುವುದು ಇದೇ ಅಳತೆಯನ್ನು, ಒಂದು ಲೀಟರ್ ಎಂದರೆ ಒಂದು ಮಿ.ಮೀ.) ಇದೇ ಮಾಪಕವನ್ನು ಅಂಗಳದಿಂದ ಕಟ್ಟಡದ ತಾರಸಿಗೆ ಸಾಗಿಸಿದರೆ ಗಾಳಿ ಹನಿಗಳನ್ನು ಬಾಯಿಯ ಮೇಲಿಂದಲೇ ಹಾರಿಸಿಕೊಂಡು ಹೋಗುತ್ತದೆ, ಗಾಳಿ ಬಿರುಸಿರುವ ಜಾಗದಲ್ಲಿ ಶೇ. 5ರಿಂದ 10ರಷ್ಟು ಮಳೆ ಲೆಕ್ಕಕ್ಕೇ ಸಿಗುವುದಿಲ್ಲ. ಪಕ್ಕದ ಮರ ಬೆಳೆದರೂ, ಯಾರೋ ಅದನ್ನು ಕಡಿದರೂ ಅಳತೆ ಬದಲಾಗುತ್ತದೆ. ಹವಾಗುಣ ಬದಲಾವಣೆಯಿಂದ ಆಗಿರಬಹುದಾದ ಇಳಿಕೆಯೂ ಇಷ್ಟೇ ಪ್ರಮಾಣದ್ದು, ಇಲ್ಲವೇ ಇದಕ್ಕಿಂತ ಕಮ್ಮಿ. ಆದ್ದರಿಂದ ಈ ಪರೀಕ್ಷೆಯನ್ನು ತಪ್ಪಿಸುವಂತಿಲ್ಲ.

ಪರೀಕ್ಷೆ ಸುಲಭ. ಸುತ್ತಲಿನ ನಾಲ್ಕೈದು ಕೇಂದ್ರಗಳ ವಾರ್ಷಿಕ ಮಳೆಯ ಸರಾಸರಿ ತೆಗೆದು ವರ್ಷದಿಂದ ವರ್ಷಕ್ಕೆ ಕೂಡಿಸುತ್ತ ಹೋಗಿ, ಅಡ್ಡಗೆರೆಯ ಮೇಲಿಡಿ. ನಿಮ್ಮ ಕೇಂದ್ರದ ಮಳೆಯನ್ನೂ ಹಾಗೆಯೇ ಕೂಡಿಸುತ್ತ ನಿಲುಗೆರೆಯ ಮೇಲಿಡಿ. ಎಲ್ಲ ಸರಿಯಿದ್ದರೆ ಚುಕ್ಕಿಗಳು ನೇರ ಸಾಲಿನಲ್ಲಿ ಕೂರುತ್ತವೆ. ಯಾವುದೋ ವರ್ಷದಿಂದ ಸಾಲು ಬಾಗಿದರೆ ಅಲ್ಲೇನೋ ಆಗಿದೆ. ಬರ ಬಂದರೆ ಸುತ್ತಲಿನ ಎಲ್ಲ ಕೇಂದ್ರಗಳಿಗೂ ಬರುತ್ತದೆ, ಮಾಪಕ ಜಾಗ ಬದಲಿಸಿದರೆ ಒಂದಕ್ಕೇ ಬಾಗು. ಬಾಗಿನ ನಂತರದ ಇಳಿಜಾರು ಮೊದಲಿನದರ 0.92 ಪಾಲು ಇದೆ ಎಂದಾದರೆ, ಬಾಗಿನ ನಂತರದ ಅಂಕಿಗಳನ್ನು 0.92ರಿಂದ ಭಾಗಿಸಿ ಸರಿದೂಗಿಸಬಹುದು. ಆದರೆ ಕೇಂದ್ರದ ದಾಖಲೆಯಲ್ಲಿ ಕಾರಣ ಸಿಕ್ಕಿದ ಮೇಲೆ ಮಾತ್ರ. ಬರೀ ಎರಡು-ಮೂರು ವರ್ಷದ ಬಾಗನ್ನು ನಂಬಿ ತಿದ್ದಲು ಹೊರಟರೆ ಒಳ್ಳೆಯ ಅಂಕಿಯನ್ನೇ ಕೆಡಿಸಿದಂತೆ.

ಇಷ್ಟಾದ ಮೇಲೆ ಗೆರೆ. ಎಕ್ಸೆಲ್‌ನ ಸಾದಾ ಗೆರೆಯನ್ನು ಒಂದೆರಡು ವಿಪರೀತ ವರ್ಷಗಳು ತಮ್ಮ ಕಡೆ ಎಳೆದುಬಿಡುತ್ತವೆ. ಮಳೆಗೆ ಥೈಲ್-ಸೆನ್ ವಿಧಾನ ವಾಸಿ: ಪ್ರತಿ ಎರಡು ವರ್ಷಗಳ ಜೋಡಿಗೂ ಇಳಿಜಾರು ತೆಗೆದು, ಅವೆಲ್ಲವನ್ನು ಸಾಲಾಗಿ ನಿಲ್ಲಿಸಿ ನಡುವಿನದನ್ನು ಆರಿಸುವುದು. ಆ ಇಳಿಜಾರು ಕಾಕತಾಳೀಯವೋ ಅಲ್ಲವೋ ಎನ್ನಲು ಮಾನ್-ಕೆಂಡಾಲ್ ಪರೀಕ್ಷೆ. ಒಂದೇ ಆರಂಭದ ವರ್ಷಕ್ಕೆ ಅಂಟಿಕೊಳ್ಳದೆ 1915, 1920, 1925 ಹೀಗೆ ಶುರುವಿನ ವರ್ಷವನ್ನೂ, ಕೊನೆಯ ವರ್ಷವನ್ನೂ ಬದಲಿಸುತ್ತ ಹೋಗಿ, ಬಂದ ಇಳಿಜಾರುಗಳನ್ನೆಲ್ಲ ಒಂದು ಕೋಷ್ಟಕದಲ್ಲಿ ಬಣ್ಣ ಹಾಕಿ ನೋಡಿ. 1960ರ ಸಾಲಿನಲ್ಲಿ ಮಾತ್ರ ಕೆಂಪು, ಉಳಿದೆಡೆ ಬಿಳಿ ಇದ್ದರೆ ಸಂಗತಿ ತಾನಾಗಿಯೇ ತಿಳಿಯುತ್ತದೆ. ಋತುವಾರಿಯಾಗಿಯೂ ಮಾಡಿ. ಕೆಟಲೋನಿಯಾದಲ್ಲಿ 1950ರಿಂದೀಚೆಗೆ ಕಾಣುವ ಇಳಿಕೆ ಹೆಚ್ಚಾಗಿ ಬೇಸಿಗೆಯದು, ವಾರ್ಷಿಕ ಮೊತ್ತದಲ್ಲಿ ಅದು ಮುಳುಗಿಹೋಗುತ್ತದೆ.

"ಟ್ರೆಂಡ್ ಇಲ್ಲ" ಎಂಬ ಉತ್ತರ ಬಂದರೆ ಅದರ ಬೆಲೆ ಎಷ್ಟು? ಇಲ್ಲಿ ಬಲ್ಲವರೂ ಜಾರುತ್ತಾರೆ, ಆದ್ದರಿಂದ ಅಂಕಿ ಇಟ್ಟೇ ನೋಡೋಣ. ಸರಾಸರಿ 600 ಮಿ.ಮೀ., ವರ್ಷದಿಂದ ವರ್ಷಕ್ಕೆ ಆಗುವ ಏರುಪೇರು (ಪ್ರಮಾಣ ವಿಚಲನೆ) 150 ಮಿ.ಮೀ. ಎಂದಿಟ್ಟುಕೊಳ್ಳಿ. ಇಳಿಜಾರಿನ ಅನಿಶ್ಚಿತತೆ ತಿಳಿಯಲು ವರ್ಷಗಳ ಸಂಖ್ಯೆಯ ಘನವನ್ನು 12ರಿಂದ ಭಾಗಿಸಿ, ವರ್ಗಮೂಲ ತೆಗೆದು, 150ನ್ನು ಅದರಿಂದ ಭಾಗಿಸಬೇಕು. ನೂರು ವರ್ಷದ ಅಂಕಿಯಿದ್ದರೆ ಅದು ವರ್ಷಕ್ಕೆ 0.52 ಮಿ.ಮೀ. ಬರುತ್ತದೆ. ಖಚಿತ ಎನ್ನಲು ಅದರ ಎರಡು ಪಟ್ಟು ಬೇಕು, ಅಂದರೆ ಶತಮಾನಕ್ಕೆ ಸುಮಾರು 100 ಮಿ.ಮೀ. ಮಳೆ ಶೇ. 17ರಷ್ಟು ಇಳಿದಿದ್ದರೆ ಮಾತ್ರ ಪರೀಕ್ಷೆ ಹೌದು ಎನ್ನುತ್ತದೆ; ಶೇ. 10 ಇಳಿದಿದ್ದರೂ ಅದು ಗದ್ದಲದೊಳಗೆ ಕಳೆದುಹೋಗಿರುತ್ತದೆ. ಮೂವತ್ತು ವರ್ಷದ ಅಂಕಿಯಿದ್ದರೆ ಇನ್ನೂ ಕಷ್ಟ, ಮೂರನೇ ಒಂದು ಭಾಗ ಮಳೆಯೇ ಮಾಯವಾಗಿರಬೇಕು. ಇತ್ತ ಹವಾಗುಣ ಮಾದರಿಗಳು ಮೆಡಿಟರೇನಿಯನ್ ಬಹುಭಾಗಕ್ಕೆ ಹೇಳುತ್ತಿರುವುದು ಭೂಮಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 4 ಇಳಿಕೆ. ಇವತ್ತಿನವರೆಗಿನ ಬಿಸಿಗೆ ಅದು 25-30 ಮಿ.ಮೀ. ಇಷ್ಟು ಸಣ್ಣ ಇಳಿಕೆ ಒಂದು ಕೇಂದ್ರದ ಅಂಕಿಯಲ್ಲಿ ಕಾಣಲು ಸಾಧ್ಯವೇ ಇಲ್ಲ. ಹಾಗಾಗಿ ನಿಮ್ಮ ಮಟ್ಟಸ ಗೆರೆ ಮಾದರಿಗಳನ್ನು ಸುಳ್ಳು ಮಾಡುವುದಿಲ್ಲ, ಸರಿಯೆಂದೂ ಹೇಳುವುದಿಲ್ಲ.

ಕಾಣದ ಆ 30 ಮಿ.ಮೀ. ನದಿಗೆ ಮಾತ್ರ ದೊಡ್ಡದು. 600 ಮಿ.ಮೀ. ಮಳೆಯಲ್ಲಿ 480 ಮಿ.ಮೀ. ಮಣ್ಣು, ಮರಗಳ ಮೂಲಕ ಆವಿಯಾಗಿ 120 ಮಿ.ಮೀ. ಹೊಳೆಗೆ ಇಳಿಯುವ ಒಂದು ಜಲಾನಯನವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮಳೆ ಒಂದು ಹನಿಯೂ ಇಳಿಯಲಿಲ್ಲ, ಆವಿಯಾಗುವುದು ಶೇ. 5 ಏರಿತು. 480 ಹೋಗಿ 504 ಆಯಿತು, ಹೊಳೆಗೆ ಉಳಿದದ್ದು 96. ಶೇ. 5ರ ಬದಲಾವಣೆ ಹೊಳೆಯ ಹತ್ತಿರ ಬರುವಷ್ಟರಲ್ಲಿ ಶೇ. 20 ಆಯಿತು. ಇದರ ಜೊತೆಗೆ ಮಳೆಯೂ 30 ಮಿ.ಮೀ. ಕಮ್ಮಿಯಾದರೆ? ಮಳೆ ಕಮ್ಮಿಯಾದಾಗ ಆವಿಯಾಗುವುದೂ ಸ್ವಲ್ಪ ತಗ್ಗುವುದರಿಂದ ನೇರವಾಗಿ ಕಳೆಯಲಾಗದು, ಆದರೂ ಹೊಡೆತ ಯಾರ ಮೇಲೆ ಬೀಳುತ್ತದೆ ಎಂಬುದು ಸ್ಪಷ್ಟ. ಮಣ್ಣು, ಮರ ತಮ್ಮ ಪಾಲು ಮೊದಲೇ ತೆಗೆದುಕೊಳ್ಳುತ್ತವೆ, ಹೊಳೆಗೆ ಸಿಗುವುದು ಮಿಕ್ಕಿದ್ದು.

ಬಿಸಿ ಗಾಳಿ ಎಷ್ಟು ಹೀರುತ್ತದೆ ಎಂಬುದಕ್ಕೂ ಲೆಕ್ಕವಿದೆ. 20 ಡಿಗ್ರಿಯಲ್ಲಿ ಗಾಳಿ ಹಿಡಿದಿಡಬಲ್ಲ ಆವಿಯ ಒತ್ತಡ 2.34 ಕಿಲೋಪ್ಯಾಸ್ಕಲ್, 22 ಡಿಗ್ರಿಯಲ್ಲಿ 2.64. ಸಾಪೇಕ್ಷ ತೇವಾಂಶ ಎರಡೂ ಸಲ ಶೇ. 60 ಇದ್ದರೆ ಗಾಳಿಯ ಬಾಯಾರಿಕೆ 0.94ರಿಂದ 1.06ಕ್ಕೆ ಏರುತ್ತದೆ. ಎರಡೇ ಡಿಗ್ರಿಗೆ ಶೇ. 13. ಆವಿಯಾಗುವುದಕ್ಕೆ ಬಿಸಿಲಿನ ಶಕ್ತಿ, ಗಾಳಿಯ ವೇಗವೂ ಬೇಕಾದ್ದರಿಂದ ಒಟ್ಟು ಆವಿ ಇಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ಆದರೆ ದಿಕ್ಕು ಇದೇ.

ಬರವನ್ನು ಅಳೆಯಲು ನೀವು ಬಳಸಬೇಕಾದ ಎರಡು ಸೂಚ್ಯಂಕಗಳು ಹುಟ್ಟಿಕೊಂಡದ್ದು ಈ ವ್ಯತ್ಯಾಸವನ್ನು ಹಿಡಿಯಲಿಕ್ಕೇ. ಮೊದಲನೆಯದು ಎಸ್‌ಪಿಐ (ಪ್ರಮಾಣೀಕೃತ ಮಳೆ ಸೂಚ್ಯಂಕ), 1993ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ರೂಪಿಸಿದ್ದು. ಬರೀ ಮಳೆ ಸಾಕು. 3, 6, 12, 24 ತಿಂಗಳ ಮೊತ್ತ ತೆಗೆದು, ಅದೇ ಅವಧಿಯ ಹಳೆಯ ಕನಿಷ್ಠ 30 ವರ್ಷದ ಮೊತ್ತಗಳ ಜೊತೆ ಹೋಲಿಸುತ್ತದೆ. ಮೈನಸ್ 1 ಎಂದರೆ ನೂರು ವರ್ಷದಲ್ಲಿ ಹದಿನಾರು ಸಲ ಕಾಣುವ ಒಣತನ, ಮೈನಸ್ 1.5 ಎಂದರೆ ಆರೇಳು ಸಲ, ಮೈನಸ್ 2 ಎಂದರೆ ಎರಡು-ಮೂರು ಸಲ. ಎರಡನೆಯದು ಎಸ್‌ಪಿಇಐ (ಪ್ರಮಾಣೀಕೃತ ಮಳೆ-ಬಾಷ್ಪೀಭವನ ಸೂಚ್ಯಂಕ), 2010ರಲ್ಲಿ ಸ್ಪೇನಿನ ಸಂಶೋಧಕರೇ ರೂಪಿಸಿದ್ದು. ಇಲ್ಲಿ ಮಳೆಯಿಂದ ಗಾಳಿಯ ಬೇಡಿಕೆಯನ್ನು (ಸಂಭಾವ್ಯ ಬಾಷ್ಪೀಭವನ) ಕಳೆದು ಆಮೇಲೆ ಹೋಲಿಕೆ. ಅಂಕಿಅಂಶಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇದೇ ಹೆಸರಿನ ಪ್ಯಾಕೇಜ್ ಇದೆ, ಎರಡನ್ನೂ ನಾಲ್ಕು ಸಾಲಿನಲ್ಲಿ ಮುಗಿಸಬಹುದು.

24 ತಿಂಗಳ ಎಸ್‌ಪಿಐ, 24 ತಿಂಗಳ ಎಸ್‌ಪಿಇಐ ಎರಡನ್ನೂ ಒಂದೇ ಚಿತ್ರದಲ್ಲಿ ಬಿಡಿಸಿ. ಸ್ಪೇನಿನ ಕೇಂದ್ರಗಳಲ್ಲಿ ಹಳೆಯ ದಶಕಗಳಲ್ಲಿ ಎರಡೂ ಒಂದರ ಮೇಲೊಂದು ಕೂತು, ಈಚೆಗೆ ಎಸ್‌ಪಿಇಐ ಕೆಳಗೆ ಸರಿಯುವುದು ಸಾಮಾನ್ಯ. ಎರಡರ ನಡುವಿನ ತೆರವು ಬಿಸಿಯ ಪಾಲು.

ಮೂರು ಕಡೆ ಹುಷಾರಾಗಿರಿ. ಒಂದು ತಿಂಗಳ ಎಸ್‌ಪಿಐಯನ್ನು ಜುಲೈಗೆ ಹಾಕಬೇಡಿ. ದಕ್ಷಿಣ ಸ್ಪೇನಿನಲ್ಲಂತೂ ಜುಲೈ ಮಳೆ ಬಹುತೇಕ ಸೊನ್ನೆ, ಎರಡು ಮಿ.ಮೀ. ಹನಿದರೂ ಸೂಚ್ಯಂಕ "ಭಾರಿ ತೇವ" ಎಂದುಬಿಡುತ್ತದೆ. ಗಾಳಿಯ ಬೇಡಿಕೆಗೆ ಥಾರ್ನ್‌ತ್‌ವೈಟ್ ಸೂತ್ರ ಬಳಸಿದರೆ ಅದು ಸರಾಸರಿ ತಾಪಮಾನವೊಂದನ್ನೇ ನೋಡುವುದರಿಂದ ಬಿಸಿಯ ಪಾಲನ್ನು ಉಬ್ಬಿಸುವ ಅಪಾಯವಿದೆ. ಗರಿಷ್ಠ-ಕನಿಷ್ಠ ತಾಪಮಾನವಿದ್ದರೆ ಹಾರ್ಗ್ರೀವ್ಸ್, ಗಾಳಿ, ತೇವಾಂಶ, ಬಿಸಿಲು ಎಲ್ಲ ಇದ್ದರೆ ಪೆನ್‌ಮನ್-ಮಾಂಟೀತ್. ಮೂರನೆಯದು, ಬೇಸಿಗೆಯಲ್ಲಿ ಗಾಳಿ ಎಷ್ಟೇ ಬೇಡಿದರೂ ಮಣ್ಣಿನಲ್ಲಿ ಇಲ್ಲದ ನೀರನ್ನು ಹೀರಲಾರದು. ಒಣ ಜಾಗದಲ್ಲಿ ಎಸ್‌ಪಿಇಐ ಹೇಳುವುದು ಗಿಡಮರಗಳ ಸಂಕಟವನ್ನು. ಹೊಳೆಯಲ್ಲಿ ಎಷ್ಟು ನೀರು ಕಮ್ಮಿಯಾಯಿತು ಎಂಬುದನ್ನು ಹೊಳೆಯ ಹರಿವಿನ ಅಳತೆಯಿಂದಲೇ ತಿಳಿಯಬೇಕು.

ಹೊಳೆಗೆ ನೀರು ಕಮ್ಮಿಯಾಗಲು ಬಿಸಿಯೊಂದೇ ಕಾರಣವಲ್ಲ. 1950ರ ನಂತರ ಪಿರಿನೀಸ್ ಪರ್ವತದ ತಪ್ಪಲಿನ ಹಳ್ಳಿಗಳಿಂದ ಜನ ಪಟ್ಟಣಕ್ಕೆ ಇಳಿದರು. ಉಳುವವರಿಲ್ಲದ ಮೆಟ್ಟಿಲು ಹೊಲಗಳಲ್ಲಿ, ಕುರಿ ಮೇಯದ ಗೋಮಾಳಗಳಲ್ಲಿ ಪೈನ್, ಓಕ್ ಕಾಡು ಬೆಳೆಯಿತು. ಇವತ್ತು ಕೆಟಲೋನಿಯಾದ ಶೇ. 60ಕ್ಕೂ ಹೆಚ್ಚು ನೆಲ ಕಾಡು, ಕುರುಚಲು. ಹುಲ್ಲಿಗಿಂತ ಮರದ ಬೇರು ಆಳ, ಎಲೆಯ ಮೇಲೇ ನಿಂತು ಆರಿಹೋಗುವ ಮಳೆಯೂ ಹೆಚ್ಚು. ಅಷ್ಟೇ ಮಳೆಗೆ ಹೊಳೆಯ ಪಾಲು ಇಳಿಯಿತು. ಕಾಡು ಬೆಳೆದರೆ ಹೊಳೆ ತುಂಬುತ್ತದೆ ಎಂದು ನಂಬಿಕೊಂಡವರಿಗೆ ಇದು ಗಂಟಲಲ್ಲಿ ಇಳಿಯದ ಮಾತು. ಆದರೆ ಅಲ್ಲಿನ ಹೊಳೆಗಳ ಅಳತೆ ಹೇಳುವುದು ಇದನ್ನೇ.

ಈಗ ಅಣೆಕಟ್ಟೆ. ಬಾರ್ಸಿಲೋನಾ ಸೀಮೆಗೆ ನೀರು ಕೊಡುವ ತೆರ್, ಯೊಬ್ರೆಗಾತ್ ಮುಂತಾದ ಕೆಟಲೋನಿಯಾದ ಒಳ ನದಿಗಳ ಎಲ್ಲ ಅಣೆಕಟ್ಟೆಗಳ ಒಟ್ಟು ಸಾಮರ್ಥ್ಯ ಸುಮಾರು 694 ಘನ ಹೆಕ್ಟೋಮೀಟರ್. ಒಂದು ಟಿಎಂಸಿ ಎಂದರೆ 28.3 ಘನ ಹೆಕ್ಟೋಮೀಟರ್, ಹಾಗಾಗಿ ಅದು 24.5 ಟಿಎಂಸಿ. ನಿಮ್ಮ ಮಾರಿಕಣಿವೆ (ವಾಣಿವಿಲಾಸ ಸಾಗರ) ಒಂದೇ 30 ಟಿಎಂಸಿ ಹಿಡಿಯುತ್ತದೆ, ಕೆಆರ್‌ಎಸ್ 49.45! ಸುಮಾರು 60 ಲಕ್ಷ ಜನರ ನೀರು ವಾಣಿವಿಲಾಸ ಸಾಗರಕ್ಕಿಂತ ಚಿಕ್ಕ ಪಾತ್ರೆಯಲ್ಲಿದೆ. 2024ರ ಫೆಬ್ರವರಿ 1ರಂದು ತುರ್ತುಸ್ಥಿತಿ ಬಂದಾಗ ತೆರ್, ಯೊಬ್ರೆಗಾತ್ ನದಿಗಳ ಅಣೆಕಟ್ಟೆಗಳಲ್ಲಿ ಉಳಿದಿದ್ದದ್ದು 100 ಘನ ಹೆಕ್ಟೋಮೀಟರ್‌ಗಿಂತ, ಅಂದರೆ ಮೂರೂವರೆ ಟಿಎಂಸಿಗಿಂತ ಕಮ್ಮಿ, ಆ ಎರಡು ನದಿಗಳ ಅಣೆಕಟ್ಟೆಗಳ ಸಾಮರ್ಥ್ಯದ ಶೇ. 16. ತಲೆಗೆ ದಿನಕ್ಕೆ 200 ಲೀಟರ್ ಮಿತಿ (ಅಂಗಡಿ, ಕಚೇರಿ, ಪೈಪಿನ ಸೋರಿಕೆ ಎಲ್ಲ ಸೇರಿ), ನೀರಾವರಿಗೆ ಶೇ. 80, ಕೈಗಾರಿಕೆಗೆ ಶೇ. 25 ಕಡಿತ. ಸೌ ಅಣೆಕಟ್ಟೆಯಲ್ಲಿ 1960ರ ದಶಕದಲ್ಲಿ ಮುಳುಗಿದ ಸಾನ್ ರೊಮಾ ಚರ್ಚಿನ ಗೋಪುರದ ತುದಿ ಮಾತ್ರ ನೀರ ಮೇಲೆ ಕಾಣುವುದು ವಾಡಿಕೆ. ಆಗ ಬುಡದವರೆಗೂ ಒಣಗಿದ ಬಿರುಕು ಮಣ್ಣಿನ ಮೇಲೆ ನಿಂತಿತ್ತು.

ಅಣೆಕಟ್ಟೆಯ ಮಟ್ಟವನ್ನು ಮಳೆಯ ಅಳತೆ ಎಂದು ಓದಬಾರದು ಎನ್ನುವುದಕ್ಕೆ ನಿಮ್ಮೂರೇ ಸಾಕ್ಷಿ. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷವೆಲ್ಲ ಬರವಿತ್ತು ಎಂದಲ್ಲ. 2022ರ ಹೊತ್ತಿಗೆ ಭದ್ರಾ ನೀರೂ ಅದಕ್ಕೆ ಸೇರುತ್ತಿತ್ತು. ಬಾರ್ಸಿಲೋನಾದಲ್ಲೂ ಹಾಗೆಯೇ. 2008ರ ಬರದಲ್ಲಿ ಹಡಗಿನಲ್ಲಿ ಕುಡಿಯುವ ನೀರು ತರಿಸಬೇಕಾಯಿತು. 2009ರಲ್ಲಿ ಯೊಬ್ರೆಗಾತ್ ದಡದಲ್ಲಿ ವರ್ಷಕ್ಕೆ 60 ಘನ ಹೆಕ್ಟೋಮೀಟರ್ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಶುರುವಾಯಿತು. ಶುದ್ಧೀಕರಿಸಿದ ಚರಂಡಿ ನೀರನ್ನು ನದಿಗೆ ಬಿಟ್ಟು, ಕೆಳಗೆ ಮತ್ತೆ ಎತ್ತಿ ಸಂಸ್ಕರಿಸುವ ಏರ್ಪಾಡೂ ಬಂತು. 2024ರಲ್ಲಿ ಹಡಗು ಬರಲಿಲ್ಲ, ಮಳೆಯ ಕೊರತೆ 2008ಕ್ಕಿಂತ ದೊಡ್ಡದಾಗಿದ್ದರೂ. ಆದ್ದರಿಂದ ಎರಡು ಬರಗಳನ್ನು ಅಣೆಕಟ್ಟೆಯ ಶೇಕಡಾವಾರಿನಿಂದ ಹೋಲಿಸಿದರೆ ಉತ್ತರ ತಪ್ಪಾಗುತ್ತದೆ.

ಒಟ್ಟು ಮಳೆ ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಪಕ್ಕದ ವಲೆನ್ಸಿಯಾ ಸಾಕು. 2024ರ ಅಕ್ಟೋಬರ್ 29ರಂದು ತೂರಿಸ್ ಎಂಬಲ್ಲಿ ಒಂದೇ ದಿನ 771.8 ಮಿ.ಮೀ., ಅದರಲ್ಲಿ ಒಂದು ಗಂಟೆಗೆ 184.6 ಮಿ.ಮೀ. ಸುರಿಯಿತು. ಒಂದು ವರ್ಷದ ಮಳೆಗಿಂತ ಹೆಚ್ಚು. ಇನ್ನೂರಕ್ಕೂ ಹೆಚ್ಚು ಜನ ಪ್ರವಾಹದಲ್ಲಿ ತೀರಿಕೊಂಡರು. ಆ ಕೇಂದ್ರದ 12 ತಿಂಗಳ ಎಸ್‌ಪಿಐ ಮುಂದಿನ ಒಂದು ವರ್ಷ "ಅತಿ ತೇವ" ಎಂದೇ ತೋರಿಸುತ್ತದೆ, ಆ ನೀರು ಕೆಲವೇ ಗಂಟೆಯಲ್ಲಿ ಸಮುದ್ರ ಸೇರಿದ್ದರೂ. ಮೊತ್ತದ ಜೊತೆ ಮಳೆಯ ದಿನಗಳ ಸಂಖ್ಯೆಯನ್ನೂ (1 ಮಿ.ಮೀ. ದಾಟಿದ ದಿನ), ಒಂದೇ ದಿನದಲ್ಲಿ ಬಿದ್ದ ಪಾಲನ್ನೂ ಪಕ್ಕದ ಕಾಲಂನಲ್ಲಿ ಇಟ್ಟುಕೊಳ್ಳಿ.

ಹಾಗಾದರೆ ಬರ ಮುಗಿಯಿತೇ? 2021ರಲ್ಲಿ ಶುರುವಾದ ಆ ಬರ ಮುಗಿಯಿತು. 2025ರ ವಸಂತದಲ್ಲಿ ವಾರಗಟ್ಟಲೆ, ಅದೂ ನದಿಗಳ ತಲೆಯಲ್ಲಿ ಮಳೆ ಹಿಡಿಯಿತು, ಮೇ ಹೊತ್ತಿಗೆ ಅಣೆಕಟ್ಟೆಗಳು ಮುಕ್ಕಾಲಿಗಿಂತ ಹೆಚ್ಚು ತುಂಬಿದ್ದವು. ಆದರೆ ಪಾತ್ರೆ ಚಿಕ್ಕದೇ, ಬಿಸಿಲು ಹೀರುವುದು ಹೆಚ್ಚಿರುವುದೂ ಹಾಗೆಯೇ ಇದೆ. ಸಾಲಾಗಿ ಎರಡು ಶರತ್ಕಾಲ ಕೈಕೊಟ್ಟರೆ ಮತ್ತೆ ಅದೇ ಪಾಡು. ಮನೆಯ ಕಿಟಕಿಯಿಂದ ಕಾಣುವ ಮಳೆಯನ್ನು ನೆಚ್ಚಬೇಡಿ. ನಗರದ ಮೇಲೆ ಸುರಿದದ್ದು ಚರಂಡಿ ಹಿಡಿದು ಸಮುದ್ರಕ್ಕೆ ಹೋಗುತ್ತದೆ. ನೋಡಬೇಕಾದದ್ದು ಈ ನದಿಗಳ ತಲೆಯಲ್ಲಿರುವ ರಿಪೋಲ್, ಬೆರ್ಗಾ ಕಡೆಯ ಬೆಟ್ಟಗಳ ಮಳೆ, ಮಾರ್ಚ್ ಕೊನೆಯ ಹಿಮ. ಬರದ ನಂತರದ ಮೊದಲ ಮಳೆಗಳನ್ನು ಒಣ ಮಣ್ಣೇ ಕುಡಿಯುತ್ತದೆ, ಅಣೆಕಟ್ಟೆ ಕದಲುವುದು ಆಮೇಲೆ. ಅಂತರ್ಜಲ ಇನ್ನೂ ಹಿಂದೆ ಬರುತ್ತದೆ.

ಹಿರಿಯೂರಿಗೆ ಇದೇ ವಿಧಾನ ನಡೆಯುತ್ತದೆ, ಕೆಲವು ಬದಲಾವಣೆಯೊಂದಿಗೆ. ಜಲವರ್ಷ ಜೂನ್ 1ರಿಂದ ಮೇ 31. ಸೊನ್ನೆಯ ತೊಂದರೆ ಅಲ್ಲಿ ಜನವರಿ-ಫೆಬ್ರವರಿಗೆ, ಆ ತಿಂಗಳ ಎಸ್‌ಪಿಐ ಬಿಟ್ಟುಬಿಡಿ. ಮಳೆಯಾಶ್ರಿತ ಬೆಳೆಗೆ ಅಕ್ಟೋಬರ್ ಕೊನೆಗೆ ಮುಗಿಯುವ 3 ತಿಂಗಳ ಎಸ್‌ಪಿಇಐ ನೋಡಿ, ತೆಂಗು, ಅಡಿಕೆ ತೋಟಕ್ಕೆ 12 ತಿಂಗಳದ್ದು, ಕೊಳವೆ ಬಾವಿಗೆ 24. ಹೋಬಳಿ ಮಳೆಮಾಪಕಗಳ ಅಂಕಿ ಹಿಡಿಯುವುದಾದರೆ ಮೊದಲು ಸುತ್ತಲಿನ ಕೇಂದ್ರಗಳ ಜೊತೆ ಬಾಗಿನ ಪರೀಕ್ಷೆ ಮಾಡಿಯೇ ಮುಂದುವರಿಯಿರಿ. ಕಚೇರಿಯ ತಾರಸಿ, ಶಾಲೆಯ ಅಂಗಳ, ಹೊಸ ಕಟ್ಟಡದ ಹಿತ್ತಲು ಎಂದು ಮಾಪಕ ಊರೂರು ಸುತ್ತಿರುವುದು ಸ್ಪೇನಿಗಿಂತ ನಮ್ಮಲ್ಲೇ ಹೆಚ್ಚು.